ಡೀಸೆಲ್ ಲಾರಿಯ ಇಂಜೆಕ್ಟರ್ ಬದಲಿಸುವಾಗ ಯಾವ ಸೀಲು ಉಳಿಯಬಹುದು, ಯಾವುದು ಹೋಗಲೇಬೇಕು

ಸಂಡೂರಿನ ಗಣಿಯಿಂದ ತೋರಣಗಲ್ಲಿನ ಕಡೆಗೆ ಅದಿರು ಹೊರುವ ಟಿಪ್ಪರಿನ ಕ್ಯಾಬಿನ್ ಎತ್ತಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಬೋಲ್ಟಿಗೆ ಪಾನಾ ಹಾಕುವ ಹೊತ್ತಿಗೆ, ಪಕ್ಕದಲ್ಲಿ ನಿಂತ ಮಾಲೀಕರು ಆಡುವ ಮಾತು ಬಹುತೇಕ ಒಂದೇ. “ಮೇಸ್ತ್ರಿ, ವಾಷರ್ ಚಲೋನೇ ಐತಲ್ಲ, ಅದನ್ನೇ ಹಾಕ್ರಿ. ಎಲ್ಲಾ ಹೊಸಾದೇ ಯಾಕ ಬೇಕು?” ಇದನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಬಿಡಿಭಾಗದ ಪಾರ್ಸೆಲ್ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಗಾಡಿ ನಿಲ್ಲಬಹುದು, ಸಾಲದ ಕಂತು ನಿಲ್ಲುವುದಿಲ್ಲ. ಬಿಚ್ಚಿದ್ದನ್ನೆಲ್ಲ ಎಸೆಯಬೇಕೆಂಬ ಮಾತೂ ಸರಿಯಲ್ಲ, ಕಣ್ಣಿಗೆ ಚೆನ್ನಾಗಿ ಕಂಡದ್ದನ್ನೆಲ್ಲ ತಿರುಗಿ ಹಾಕುವ ರೂಢಿಯೂ ಸರಿಯಲ್ಲ.

ನಾನು ಇಟ್ಟುಕೊಂಡಿರುವ ಅಳತೆಗೋಲು ಸರಳವಾದದ್ದು. ಒಂದು ಭಾಗವು ತಾನೇ ಅಮುಕಿಸಿಕೊಂಡು, ತನ್ನ ಆಕಾರವನ್ನು ಬಿಟ್ಟುಕೊಟ್ಟು ಸೋರಿಕೆಯನ್ನು ತಡೆದಿದ್ದರೆ ಅದರ ಕೆಲಸ ಆ ಒಂದು ಸಲಕ್ಕೇ ಮುಗಿಯಿತು. ಇನ್ನೊಂದನ್ನು ಹಿಡಿದುಕೊಳ್ಳಲು, ಹೊರಲು ಅಥವಾ ಮುಚ್ಚಲು ಮಾತ್ರ ಇರುವ ಭಾಗವಾದರೆ, ಪರೀಕ್ಷೆಯಲ್ಲಿ ಪಾಸಾದ ಮೇಲೆ ಅದನ್ನು ತಿರುಗಿ ಹಾಕಬಹುದು. ತಾಮ್ರದ ವಾಷರ್, ರಬ್ಬರ್ ಬಳೆಯಂಥ ಓ-ರಿಂಗ್‌ಗಳು ಮೊದಲ ಗುಂಪಿಗೆ ಸೇರುತ್ತವೆ. ಹಿಡಿಕೆಯ ಕ್ಲ್ಯಾಂಪು, ರಿಟರ್ನ್ ಪೈಪಿನ ಕ್ಲಿಪ್ಪು, ವಾಲ್ವ್ ಕವರ್ ಎರಡನೆಯ ಗುಂಪಿಗೆ. ಒತ್ತಡದ ಪೈಪು ಮತ್ತು ಕ್ಲ್ಯಾಂಪಿನ ಬೋಲ್ಟು ಈ ಎರಡರ ನಡುವೆ ನಿಲ್ಲುತ್ತವೆ. ಗ್ಯಾರೇಜಿನಲ್ಲಿ ವಾದವೆಲ್ಲ ನಡೆಯುವುದು ಆ ನಡುವಿನ ಭಾಗಗಳ ಬಗ್ಗೆಯೇ.

ವಾಷರನ್ನು ಕಾಯಿಸಿ ಮತ್ತೆ ಹಾಕುವ ಅಭ್ಯಾಸ ನಮ್ಮ ಭಾಗದ ಗ್ಯಾರೇಜುಗಳಿಗೆ ಬಂದದ್ದು, ಪ್ರತಿ ಸಿಲಿಂಡರಿಗೂ ಪಂಪೇ ನೇರವಾಗಿ ಡೀಸೆಲ್ ತಳ್ಳುವ, ಹಳೆಯ ಇನ್‌ಲೈನ್ ಪಂಪಿನ ಗಾಡಿಗಳಿಂದ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತಾದರೂ ಬಳ್ಳಾರಿಯ ಮೇಸ್ತ್ರಿಗಳ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪು’. ಆ ಗಾಡಿಗಳ ಇಂಜೆಕ್ಟರ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆದುಕೊಳ್ಳುತ್ತಿತ್ತು. ಸ್ವಲ್ಪ ಹೊಗೆ, ಸ್ವಲ್ಪ ಬಡಿತ ಇದ್ದರೂ ಗಾಡಿ ಓಡುತ್ತಿತ್ತು, ರಸ್ತೆಬದಿಯಲ್ಲೇ ನಟ್ಟು ಸಡಿಲಿಸಿ ಏರ್ ತೆಗೆಯಬಹುದಿತ್ತು. ಹೊಗೆಯ ಮಿತಿ ಹೇಳುವ ಬಿಎಸ್-4 ನಿಯಮ ದೇಶದಾದ್ಯಂತ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಜಾರಿಯಾದದ್ದು 2020ರ ಏಪ್ರಿಲ್‌ನಲ್ಲಿ. ಈಗ ಗ್ಯಾರೇಜಿಗೆ ಬರುವ ಕಾಮನ್ ರೈಲ್ ಗಾಡಿಗಳಲ್ಲಿ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಒಂದೇ ಕೊಳವೆ, ಅಂದರೆ ರೈಲು, ಇರುತ್ತದೆ. ಅದರಲ್ಲಿ 1600 ಬಾರ್, ಕೆಲವದರಲ್ಲಿ ಅದಕ್ಕಿಂತಲೂ ಹೆಚ್ಚಿನ ಒತ್ತಡ ಇರುತ್ತದೆ. ಗುರುಗಳಿಂದ ಕಲಿತ ಉಳಿತಾಯದ ಕೈಚಳಕವೆಲ್ಲ ಇಲ್ಲಿ ನಡೆಯುವುದಿಲ್ಲ.

ಬಿಚ್ಚುವ ಮೊದಲು

ದೋಷ ಇಂಜೆಕ್ಟರಿನದ್ದೇ ಎಂಬುದು ರಿಟರ್ನ್ ಪರೀಕ್ಷೆಯಿಂದ, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿನ ಕಡೆಗೆ ಮರಳುವ ಡೀಸೆಲನ್ನು ಅಳೆದು, ಖಚಿತವಾಗಿರಬೇಕು. ಪ್ರತಿ ಇಂಜೆಕ್ಟರಿನ ರಿಟರ್ನಿಗೆ ಒಂದೊಂದು ಬಾಟಲಿ ಕಟ್ಟಿ, ನಿಗದಿತ ಹೊತ್ತು ಎಂಜಿನ್ ಓಡಿಸಿದಾಗ, ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು ಡೀಸೆಲ್ ಯಾವ ಬಾಟಲಿಯಲ್ಲಿ ತುಂಬುತ್ತದೆಯೋ ಅದರ ಮೇಲೆ ಸಂಶಯ ಪಡಬೇಕು. ಇಂಧನದ ಕನೆಕ್ಟರ್ ಟ್ಯೂಬು, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನೊಳಗೇ ಹಾದುಹೋಗುವ ಎಂಜಿನ್‌ಗಳಲ್ಲಿ, ಆ ಟ್ಯೂಬಿನ ತುದಿ ಸರಿಯಾಗಿ ಕೂರದಿದ್ದರೂ ರಿಟರ್ನ್ ಹೆಚ್ಚುತ್ತದೆ. ಟ್ಯೂಬು ನೋಡದೆ ಇಂಜೆಕ್ಟರಿಗೆ ದುಡ್ಡು ಸುರಿದವರು ಕಡಿಮೆಯೇನಿಲ್ಲ.

ನಮ್ಮ ಊರಿನ ದೊಡ್ಡ ಶತ್ರು ಕೆಂಪು ಧೂಳು. ಇಂಜೆಕ್ಟರಿನೊಳಗಿನ ಸೂಜಿಗೂ ಅದರ ಕೊಳವೆಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅದಿರಿನ ಹೆಮಟೈಟ್ ಧೂಳು ಮೆತ್ತನೆಯ ಮಣ್ಣಲ್ಲ, ಅದು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಆದ್ದರಿಂದ ಹಿಂದಿನ ದಿನವೇ ಎಂಜಿನ್ ತೊಳೆಸಿ ಒಣಗಿಸಬೇಕು. ಕೆಲಸದ ದಿನ, ಯಾವ ನಟ್ಟನ್ನೂ ಸಡಿಲಿಸುವ ಮೊದಲೇ, ಇಂಜೆಕ್ಟರಿನ ಸುತ್ತಲಿನ ಗುಂಡಿಗಳಿಗೆ ಗಾಳಿ ಹೊಡೆದು ಮರಳನ್ನೆಲ್ಲ ಹಾರಿಸಬೇಕು. ಒಂದು ಪೈಪು ಬಿಚ್ಚಿದ ಮೇಲೆ ಗಾಳಿಯ ಪೈಪನ್ನು ಮುಟ್ಟಬಾರದು. ಬಿಚ್ಚಿದ ಪ್ರತಿ ಬಾಯಿಗೂ ಆ ಕ್ಷಣವೇ ಶುಚಿಯಾದ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಬನಿಯನ್ ವೇಸ್ಟಿನ ತುಂಡು ತುರುಕುವುದು ಮುಚ್ಚಳವಲ್ಲ, ಅದರ ಒಂದೊಂದು ನೂಲೂ ಇಂಜೆಕ್ಟರಿಗೆ ಕಸವೇ.

ಎಂಜಿನ್ ಆರಿಸಿದ ಕೂಡಲೇ ಪೈಪಿಗೆ ಪಾನಾ ಹಾಕಬಾರದು. ರೈಲಿನ ಒತ್ತಡ ಇಳಿಯಲು ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು. ನಾನು ಎಷ್ಟೇ ಅವಸರವಿದ್ದರೂ ಹತ್ತು ನಿಮಿಷಕ್ಕೆ ಕಡಿಮೆ ಕಾಯುವುದಿಲ್ಲ, ಸ್ಕ್ಯಾನರ್ ಇದ್ದರೆ ರೈಲಿನ ಒತ್ತಡ ಇಳಿದಿರುವುದನ್ನು ನೋಡಿಯೇ ಕೈ ಹಾಕುತ್ತೇನೆ. ಬ್ಯಾಟರಿಯ ವೈರು ಬಿಚ್ಚಿರಬೇಕು, ಏಕೆಂದರೆ ಇಂಜೆಕ್ಟರಿನ ಕಾಯಿಲಿಗೆ ಹೋಗುವ ವೋಲ್ಟೇಜು ಬ್ಯಾಟರಿಗಿಂತ ಬಹಳ ಹೆಚ್ಚು. ಎಂಜಿನ್ ಓಡುವಾಗ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಹುಡುಕಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂತು ಮಾಡಿ ಒಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು, ಬೆಳಗಾಗಲಿ ಎಂದು ಕಾಯುವ ಗಾಯ ಅದಲ್ಲ.

ಟ್ರೇಯಲ್ಲಿ ಸಿಲಿಂಡರಿನ ಸಂಖ್ಯೆ ಬರೆದ ಆರು ಚೀಲಗಳನ್ನೋ ಡಬ್ಬಿಗಳನ್ನೋ ಇಟ್ಟುಕೊಳ್ಳಬೇಕು. ಒಂದನೆಯ ಸಿಲಿಂಡರಿನ ಪೈಪು, ಕ್ಲ್ಯಾಂಪು, ಬೋಲ್ಟು, ಹಳೆಯ ವಾಷರ್ ಎಲ್ಲವೂ ಒಂದನೆಯ ಡಬ್ಬಿಗೇ ಹೋಗಬೇಕು. ತಿರುಗಿ ಹಾಕಬಹುದಾದ ಭಾಗಗಳು ತಾವಿದ್ದ ಜಾಗಕ್ಕೇ ಮರಳಬೇಕೆಂಬ ನಿಯಮ ಈ ಇಡೀ ಕೆಲಸಕ್ಕೆ ಅನ್ವಯಿಸುತ್ತದೆ. ಎಲ್ಲವನ್ನೂ ಒಂದೇ ಬೋಗುಣಿಯ ಡೀಸೆಲಿನಲ್ಲಿ ಅದ್ದಿಟ್ಟರೆ ಆ ನಿಯಮ ಅಲ್ಲಿಗೇ ಮುಗಿಯಿತು.

ತಾಮ್ರದ ವಾಷರ್

ಇಂಜೆಕ್ಟರಿನ ಮೂತಿಯ ಕೆಳಗೆ ಕೂರುವ ಈ ಬಿಲ್ಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ. ಇದು ತಡೆಯುವುದು ಡೀಸೆಲನ್ನಲ್ಲ, ದಹನದ ಅನಿಲವನ್ನು. ಲೋಡಿನಲ್ಲಿ ಏರು ಹತ್ತುವಾಗ ಈಗಿನ ಲಾರಿ ಎಂಜಿನ್ನಿನ ಸಿಲಿಂಡರಿನೊಳಗಿನ ಒತ್ತಡ 150 ಬಾರ್ ದಾಟುತ್ತದೆ. ಪ್ರತಿ ಉರಿತಕ್ಕೂ ಒಂದು ಸಲ ಆ ಒತ್ತಡವೂ ಉರಿಯೂ ಈ ಚಿಕ್ಕ ಬಿಲ್ಲೆಯ ಅಂಚನ್ನು ಬಡಿಯುತ್ತವೆ.

ಹೊಸ ವಾಷರನ್ನೂ ಹಳೆಯದನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ಬಿಸಿಲಿಗೆ ಹಿಡಿದು ನೋಡಿ. ಹೊಸದರ ಎರಡೂ ಮುಖಗಳು ಸಮವಾಗಿ, ತಿಳಿಗೆಂಪಾಗಿ ಹೊಳೆಯುತ್ತವೆ. ಹಳೆಯದರ ಒಂದು ಮುಖದಲ್ಲಿ ಇಂಜೆಕ್ಟರಿನ ಅಂಚು ಕುಳಿತ ಗುರುತು ಬಳೆಯಂತೆ ಮೂಡಿರುತ್ತದೆ. ಅದರ ಮೇಲೆ ಉಗುರು ಎಳೆದರೆ ಸಣ್ಣ ಮೆಟ್ಟಿಲು ತಗುಲುತ್ತದೆ. ಇನ್ನೊಂದು ಮುಖದಲ್ಲಿ ಹೆಡ್ಡಿನ ಆಸನದ ಗೀರುಗಳೆಲ್ಲ ಅಚ್ಚಾಗಿರುತ್ತವೆ. ಆ ಗೀರುಗಳನ್ನು ತುಂಬಿಕೊಂಡದ್ದರಿಂದಲೇ ಅದು ಇಷ್ಟು ದಿನ ಅನಿಲವನ್ನು ತಡೆಯಿತು. ತಿರುಗಿ ಕೂರಿಸುವಾಗ ಆ ಮೆಟ್ಟಿಲು ಕೂದಲೆಳೆಯಷ್ಟೂ ಸರಿಯದಂತೆ ಅದೇ ಜಾಗದಲ್ಲಿ ಕೂರುವುದೆಂದು ಯಾರೂ ಭರವಸೆ ಕೊಡಲಾರರು.

ಇನ್ನು ಕಾಯಿಸುವ ವಿಚಾರ. ಅಮುಕಿದಷ್ಟೂ ತಾಮ್ರ ಗಡುಸಾಗುತ್ತದೆ. ಮಂದಗೆಂಪು ಬಣ್ಣ ಬರುವವರೆಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನಂತಲ್ಲದೆ, ತಾಮ್ರವನ್ನು ನೀರಿಗೆ ಹಾಕಿ ತಣಿಸಿದರೂ ಮೆತ್ತಗೇ ಉಳಿಯುತ್ತದೆ. ಮೇಸ್ತ್ರಿಗಳ ಈ ತಿಳಿವಳಿಕೆ ಪೂರ್ತಿ ಸರಿ. ಆದರೆ ಕಾಯಿಸುವುದರಿಂದ ಗಡುಸುತನ ಮಾತ್ರ ಹೋಗುತ್ತದೆ, ಕಳೆದುಹೋದ ದಪ್ಪ ಮರಳುವುದಿಲ್ಲ, ಮೂಡಿದ ಮೆಟ್ಟಿಲು ಮಾಯವಾಗುವುದಿಲ್ಲ, ಮೇಲೆ ಕಟ್ಟುವ ಕಪ್ಪು ಪದರ ಬೇರೆ. ಅದನ್ನು ಉಜ್ಜುಕಾಗದದಿಂದ ತಿಕ್ಕಿ ಸಮ ಮಾಡಲು ಹೋದರೆ ದಪ್ಪ ಇನ್ನಷ್ಟು ತಗ್ಗುತ್ತದೆ. ಇಲ್ಲಿ ದಪ್ಪವೆಂದರೆ ಸೀಲಿನ ಮಾತಷ್ಟೇ ಅಲ್ಲ. ಇಂಜೆಕ್ಟರಿನ ಸಿಂಪಡಿಸುವ ತುದಿಯಾದ ನಾಝಲ್ಲಿನ ಮೂತಿ ಸಿಲಿಂಡರಿನೊಳಗೆ ಎಷ್ಟು ಚಾಚಬೇಕೆಂಬುದನ್ನು ಈ ವಾಷರೇ ನಿರ್ಧರಿಸುತ್ತದೆ. ಆದ್ದರಿಂದಲೇ ಒಂದೇ ಅಗಲದ ವಾಷರುಗಳು 1.5, 2, 2.5, 3 ಮಿಲಿಮೀಟರ್ ಹೀಗೆ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ಮೂತಿ ಕೆಳಗಿಳಿದರೆ ಡೀಸೆಲಿನ ಸಿಂಪರಣೆ ಪಿಸ್ಟನ್ನಿನ ಬಟ್ಟಲಿನ ತಳಕ್ಕೆ ಬಡಿಯುತ್ತದೆ, ಮೇಲೇರಿದರೆ ಬಟ್ಟಲಿನ ಅಂಚು ದಾಟಿ ಹೊರಗೆ ಹೋಗುತ್ತದೆ. ಎರಡರಲ್ಲೂ ಹೊಗೆ, ಬಿಸಿ, ಕೊನೆಗೆ ಪಿಸ್ಟನ್ನಿನ ಕೇಡು. ಬಿಎಸ್-6 ಗಾಡಿಯಲ್ಲಾದರೆ ಆ ಮಸಿಯೆಲ್ಲ ಸೈಲೆನ್ಸರಿನ ಫಿಲ್ಟರಿನಲ್ಲಿ ಕಟ್ಟಿಕೊಂಡು ಇನ್ನೊಂದು ಖರ್ಚು ಹುಟ್ಟುತ್ತದೆ.

ಕಾಯಿಸಿದ ವಾಷರಿಗೆ ನಾನು ಜಾಗವೇ ಕೊಡುವುದಿಲ್ಲವೆಂದಲ್ಲ. ಫಿಲ್ಟರಿನ ತಲೆಗೆ, ಫೀಡ್ ಪಂಪಿಗೆ ಬರುವ ಕಡಿಮೆ ಒತ್ತಡದ, ಒಳಗೆ ಡೀಸೆಲ್ ಹರಿಯುವ ಟೊಳ್ಳು ಬ್ಯಾಂಜೋ ಬೋಲ್ಟಿನ ಚಪ್ಪಟೆ ತಾಮ್ರದ ವಾಷರನ್ನು, ಅಂಗಡಿ ಮುಚ್ಚಿದ ರಾತ್ರಿಯಲ್ಲಿ, ಎರಡೂ ಮುಖ ಗೀರಿಲ್ಲದೆ ಸಮವಾಗಿದ್ದರೆ, ಕಾಯಿಸಿ, ಕಪ್ಪು ತೆಗೆದು ಹಾಕಿದ್ದೇನೆ. ಅಲ್ಲಿ ಸೋರಿದರೆ ಕಣ್ಣಿಗೆ ಕಾಣುತ್ತದೆ, ಬೆಳಿಗ್ಗೆ ಬದಲಿಸಬಹುದು. ನಾಝಲ್ಲಿನ ಕೆಳಗೆ ಮಾತ್ರ ಯಾವ ಅವಸರಕ್ಕೂ ಹಾಕುವುದಿಲ್ಲ. ನಡುವೆ ರಬ್ಬರ್ ಅಂಟಿಸಿದ ಲೋಹದ ವಾಷರುಗಳಿಗೂ ಬೆಂಕಿ ತೋರಿಸುವಂತಿಲ್ಲ ಎಂಬುದನ್ನು ಹೊಸಬರಿಗೆ ಹೇಳಿಯೇ ಇಡಬೇಕು.

ವಾಷರಿನ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಆರು ಇಂಜೆಕ್ಟರ್ ತೆಗೆದು, ಆರಕ್ಕೂ ಹೊಸ ವಾಷರ್ ಹಾಕಿ ಕೂರಿಸಿದೆ. ಗಾಡಿ ಶುರುವಾಯಿತು, ಆದರೆ ನಾಲ್ಕನೆಯ ಸಿಲಿಂಡರ್ ಹೊಗೆ ಬಿಡುತ್ತಿತ್ತು. ಇಂಜೆಕ್ಟರೇ ಕೆಟ್ಟಿದೆಯೆಂದು ಎರಡು ದಿನ ವಾದಿಸಿದೆ. ಕೊನೆಗೆ ಗುರುಗಳು ಟ್ರೇಯಲ್ಲಿದ್ದ ಹಳೆಯ ವಾಷರುಗಳನ್ನು ಎಣಿಸಲು ಹೇಳಿದರು. ಐದೇ ಇದ್ದವು. ಆರನೆಯದು ಮಸಿಯಲ್ಲಿ ಹೂತು ಹೆಡ್ಡಿನ ತೂತಿನ ತಳದಲ್ಲೇ ಉಳಿದಿತ್ತು, ಅದರ ಮೇಲೆ ಹೊಸದನ್ನು ಕೂರಿಸಿದ್ದೆ. ಅಂದಿನಿಂದ, ಹಳೆಯ ವಾಷರುಗಳನ್ನು ಎಣಿಸದೆ ಹೊಸದರ ಪೊಟ್ಟಣ ಒಡೆಯುವುದಿಲ್ಲ. ಇಂಜೆಕ್ಟರಿನ ಮೂತಿಗೆ ವಾಷರ್ ಅಂಟಿಕೊಂಡು ಬರದಿದ್ದರೆ ತೂತಿನೊಳಗೆ ಟಾರ್ಚು ಬಿಟ್ಟು ನೋಡಬೇಕು. ಕೊಕ್ಕೆಯಿಂದಲೋ, ವಾಷರಿನ ಒಳತೂತಿಗೆ ಬಿಗಿಯಾಗಿ ಕೂರುವ ಮೊನಚು ಸಲಾಕೆಯಿಂದಲೋ ಅದನ್ನು ಎತ್ತಬೇಕು. ಮಸಿಗೆ ತಾಮ್ರದ ಬಣ್ಣವೆಲ್ಲ ಮುಚ್ಚಿಹೋಗಿರುವುದರಿಂದ ಕಣ್ಣನ್ನು ಪೂರ್ತಿ ನಂಬಬಾರದು. ಕೊಕ್ಕೆಯ ತುದಿಗೆ ಅಂಚು ತಗುಲುತ್ತದೆಯೇ ಎಂದು ಸುತ್ತಲೂ ತಡವಿ ನೋಡಬೇಕು.

ಆಸನವನ್ನು ಶುಚಿ ಮಾಡುವಾಗ ಮೊದಲು ನಾಝಲ್ಲಿನ ತೂತನ್ನು ಮುಚ್ಚಬೇಕು. ಇಲ್ಲದಿದ್ದರೆ ಕೆರೆದ ಮಸಿಯೆಲ್ಲ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಆ ಅಳತೆಗೆಂದೇ ಮಾಡಿದ ಬ್ರಷ್ಷಿಗೆ ಸ್ವಲ್ಪ ಗ್ರೀಸು ಸವರಿ ತಿರುಗಿಸಿದರೆ ಮಸಿ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಉಳಿದ ಗ್ರೀಸನ್ನು ನೂಲು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಆಸನದ ಮೇಲೆ ಅನಿಲ ಹಾದು ಕೊರೆದ ಕಾಲುವೆಯಂಥ ಗೆರೆ ಕಂಡರೆ ಹೊಸ ವಾಷರೂ ಅಲ್ಲಿ ಸೋಲುತ್ತದೆ. ಆಗ ಕೈಯಿಂದ ತಿರುಗಿಸುವ ಕಟರಿನಿಂದ ತೆಳುವಾಗಿ ಸಮ ಮಾಡಬೇಕಾಗುತ್ತದೆ. ಎಷ್ಟು ಕತ್ತರಿಸಿದರೆ ಅಷ್ಟು ಮೂತಿ ಕೆಳಗಿಳಿಯುತ್ತದೆ ಎಂಬುದನ್ನು ಮರೆಯದೆ, ಚಾಚಿನ ಅಳತೆಯನ್ನು ಮತ್ತೆ ನೋಡಬೇಕು.

ಓ-ರಿಂಗ್ ಮತ್ತು ರಿಟರ್ನಿನ ಸೀಲುಗಳು

ಇಂಜೆಕ್ಟರಿನ ಮೈಮೇಲಿನ ಓ-ರಿಂಗನ್ನು ಬಿಚ್ಚಿದಾಗ ಅದು ದುಂಡಗಿರುವುದಿಲ್ಲ. ಹೊರಗಿನ ಅಂಚು ಚಪ್ಪಟೆಯಾಗಿರುತ್ತದೆ. ಎರಡು ಬೆರಳುಗಳ ನಡುವೆ ಹಿಂಡಿ ಬಿಟ್ಟರೆ ಹೊಸದು ಪುಟಿದು ನಿಲ್ಲುತ್ತದೆ, ಹಳೆಯದು ಬಾಗಿದಂತೆಯೇ ಉಳಿಯುತ್ತದೆ, ಕೆಲವು ಸಲ ಚಿಟಕ್ಕೆಂದು ಒಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯ ಬಿಸಿಲೂ ಎಂಜಿನ್ನಿನ ಶಾಖವೂ ಕೂಡಿದರೆ ರಬ್ಬರಿಗೆ ಬೇಗ ಮುಪ್ಪು ಬರುತ್ತದೆ. ಪರೀಕ್ಷೆಯಲ್ಲಿ ಪಾಸಾದರೂ ಇಂಜೆಕ್ಟರಿನ ಓ-ರಿಂಗನ್ನು ತಿರುಗಿ ಹಾಕಬಾರದು ಎಂಬುದೇ ನನ್ನ ನಿಲುವು. ಇಂಧನ ಹೆಡ್ಡಿನೊಳಗೇ ಹರಿಯುವ ಎಂಜಿನ್ನಿನಲ್ಲಿ ಈ ರಿಂಗು ಸೋತರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಡೀಸೆಲ್ ಆಯಿಲಿಗೆ ಸೇರುತ್ತದೆ, ಆಯಿಲು ತೆಳುವಾಗುತ್ತದೆ, ಬೇರಿಂಗು ಹೋಗುತ್ತದೆ.

ಅಂಗಡಿಯಲ್ಲಿ ಸಿಗುವ ಬಗೆಬಗೆಯ ರಿಂಗುಗಳ ಡಬ್ಬಿಯಿಂದ ಕಣ್ಣಳತೆಯಲ್ಲಿ ಹೊಂದುವುದನ್ನು ಆರಿಸುವುದು ಇನ್ನೊಂದು ಚಟ. ಒಳ ಅಳತೆ ಹೊಂದಿದರೂ ರಬ್ಬರಿನ ದಪ್ಪ ಬೇರೆಯಿರಬಹುದು, ರಬ್ಬರಿನ ಜಾತಿಯೇ ಬೇರೆಯಿರಬಹುದು. ಸಾಮಾನ್ಯ ನೈಟ್ರೈಲ್ ರಬ್ಬರಿಗಿಂತ ವಿಟಾನ್ ಹೆಚ್ಚು ಶಾಖವನ್ನು ತಡೆಯುತ್ತದೆ. ಬಣ್ಣ ನೋಡಿ ಯಾವುದು ಯಾವುದೆಂದು ಹೇಳಲು ಆಗುವುದಿಲ್ಲ. ಆ ಎಂಜಿನ್ನಿನ ಪಾರ್ಟ್ ನಂಬರ್ ಹೇಳಿ ಕಿಟ್ ತರಿಸುವುದೊಂದೇ ದಾರಿ. ಕೆಲವು ಇಂಜೆಕ್ಟರುಗಳಲ್ಲಿ ಓ-ರಿಂಗಿನ ಪಕ್ಕದಲ್ಲಿ ತೆಳುವಾದ ಬಿಳಿಯ ಆಸರೆ ಬಳೆಯೊಂದು ಇರುತ್ತದೆ. ಅದು ಯಾವ ಪಕ್ಕಕ್ಕಿತ್ತು ಎಂಬುದನ್ನು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹಳೆಯ ರಿಂಗನ್ನು ಸ್ಕ್ರೂಡ್ರೈವರಿನಿಂದ ಎಬ್ಬಿದರೆ ರಿಂಗು ಕೂರುವ ತೋಡಿನಲ್ಲಿ ಗೀರು ಬಿದ್ದು ಹೊಸ ರಿಂಗೂ ಸೋರುತ್ತದೆ ಎಂಬುದು ಅನುಭವ. ಬಿದಿರಿನ ಕಡ್ಡಿಯೋ ಪ್ಲಾಸ್ಟಿಕ್ ಮೊನೆಯೋ ಸಾಕು. ಹೊಸದಕ್ಕೆ ಶುಚಿಯಾದ ಎಂಜಿನ್ ಆಯಿಲ್ ಸವರಿ, ತಿರುಚಿಕೊಳ್ಳದಂತೆ ಉರುಳಿಸದೆ ಕೂರಿಸಬೇಕು. ತಾಮ್ರದ ವಾಷರಿಗೂ ಅದರ ಆಸನಕ್ಕೂ ಮಾತ್ರ ಏನನ್ನೂ ಸವರಬಾರದು. ಸಿಲಿಕಾನ್ ಪೇಸ್ಟು, ಟೆಫ್ಲಾನ್ ಟೇಪು ಇವುಗಳಿಗೆ ಇಂಧನದ ಜೋಡಣೆಗಳಲ್ಲಿ ಜಾಗವಿಲ್ಲ. ಅವುಗಳ ಚೂರು ಕಿತ್ತು ಹರಿದು ಇಂಜೆಕ್ಟರಿನ ಬಾಗಿಲಿಗೇ ಬಂದು ನಿಲ್ಲುತ್ತದೆ.

ರಿಟರ್ನ್ ಪೈಪಿನ ಕ್ಲಿಪ್ಪುಗಳು ಬಿಗಿ ಕಳೆದುಕೊಂಡಿರದಿದ್ದರೆ ಉಳಿಯಲಿ, ಒಳಗಿನ ಪುಟ್ಟ ರಿಂಗುಗಳು ಮಾತ್ರ ಹೊಸದಾಗಲಿ. ಪ್ಲಾಸ್ಟಿಕ್ ಮೂತಿಯನ್ನು ಸ್ವಲ್ಪ ಬಾಗಿಸಿ ನೋಡಿ, ಬಿಳಿ ಗೆರೆ ಮೂಡಿದರೆ ಅದರ ಆಯುಷ್ಯ ಮುಗಿದಿದೆ. ಈ ಸೀಲು ಸೋತ ಗಾಡಿ ಒಮ್ಮೊಮ್ಮೆ ಹೊರಗೆ ಸೋರುವುದೂ ಇಲ್ಲ. ರಾತ್ರಿ ನಿಂತಾಗ ಗಾಳಿ ಎಳೆದುಕೊಂಡು, ಬೆಳಿಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಶುರುವಾಗದೆ ಸತಾಯಿಸುತ್ತದೆ.

ಒತ್ತಡದ ಪೈಪು, ಕನೆಕ್ಟರ್ ಟ್ಯೂಬು

ರೈಲಿನಿಂದ ಇಂಜೆಕ್ಟರಿಗೆ ಬರುವ ಉಕ್ಕಿನ ಪೈಪಿನಲ್ಲಿ ವಾಷರೂ ಇಲ್ಲ, ರಬ್ಬರೂ ಇಲ್ಲ. ಪೈಪಿನ ಮೂತಿಯ ಉಕ್ಕೇ ಎದುರಿನ ಬಟ್ಟಲಿಗೆ ಒತ್ತಿಕೊಂಡು, ಕೂದಲೆಳೆಯಷ್ಟು ನಲುಗಿ, ಸೀಲಾಗುತ್ತದೆ. ಅಂದರೆ ಆ ಮೂತಿಗೂ ಆ ಬಟ್ಟಲಿಗೂ ಜೋಡಿ ಬಿದ್ದಿರುತ್ತದೆ. ಅದೇ ಇಂಜೆಕ್ಟರನ್ನು, ಉದಾಹರಣೆಗೆ ವಾಷರ್ ಸೋರಿತೆಂದು ಮಾತ್ರ ಬಿಚ್ಚಿ, ಅದೇ ಜಾಗಕ್ಕೆ ಕೂರಿಸುವುದಾದರೆ, ತಯಾರಕರ ಪುಸ್ತಕ ನಿಷೇಧಿಸದಿದ್ದಲ್ಲಿ, ಅದೇ ಪೈಪನ್ನು ಪರೀಕ್ಷಿಸಿ ಹಾಕಬಹುದು. ಇಂಜೆಕ್ಟರೇ ಹೊಸದಾದರೆ ಬಟ್ಟಲೂ ಹೊಸದು. ಆಗ ಹೊಸ ಪೈಪನ್ನೇ ಹಾಕಬೇಕೆಂದು ಅನೇಕ ತಯಾರಕರು ಹೇಳುತ್ತಾರೆ, ನಾನೂ ಅದನ್ನೇ ಪಾಲಿಸುತ್ತೇನೆ.

ಪರೀಕ್ಷೆ ಹೀಗೆ: ಮೂತಿಯನ್ನು ಒರೆಸಿ, ಭೂತಗನ್ನಡಿ ಹಿಡಿದು, ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ಸೀಲಾದ ಜಾಗ ಒಂದೇ ತೆಳುವಾದ, ಎಲ್ಲಿಯೂ ತುಂಡಾಗದ ಉಂಗುರದಂತೆ ಹೊಳೆಯಬೇಕು. ಎರಡು ಉಂಗುರಗಳಿದ್ದರೆ ಯಾರೋ ಈಗಾಗಲೇ ಒಮ್ಮೆ ಬೇರೆಡೆ ಕೂರಿಸಿದ್ದಾರೆ. ಉಂಗುರವನ್ನು ಅಡ್ಡಕ್ಕೆ ದಾಟುವ ಗೀರಿದ್ದರೆ ಅದೇ ಡೀಸೆಲಿಗೆ ದಾರಿ. ಒಳಗೆ ತುಕ್ಕಿದ್ದರಂತೂ ಮಾತೇ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ತಿಂಗಳುಗಟ್ಟಲೆ ನಿಂತ ಲಾರಿಗಳನ್ನು ತಿರುಗಿ ಎಬ್ಬಿಸಿದವರಿಗೆ, ನಿಂತ ಡೀಸೆಲಿನಲ್ಲಿ ಇಳಿದ ನೀರು ಎಂಥ ತುಕ್ಕು ಹಿಡಿಸುತ್ತದೆಂದು ಹೇಳಬೇಕಾಗಿಲ್ಲ.

ಹೊಂದದ ಪೈಪನ್ನು ಬಾಗಿಸಿ ಹೊಂದಿಸಬಾರದು. ಸೋರುವ ಪೈಪನ್ನು ಇನ್ನಷ್ಟು ಬಿಗಿದು ನಿಲ್ಲಿಸಲು ಹೋಗಬಾರದು. ಅದರಿಂದ ಮೂತಿ ಒಡೆದು, ಇಂಜೆಕ್ಟರಿನ ಬಟ್ಟಲೂ ಹಾಳಾಗುತ್ತದೆ. ಒಂದು ಪೈಪಿನ ದುಡ್ಡು ಉಳಿಸಲು ಹೋಗಿ ಇಂಜೆಕ್ಟರಿನ ದುಡ್ಡು ಕಳೆಯುವುದು ಹೀಗೆ.

ಹೆಡ್ಡಿನೊಳಗೆ ಹಾದುಹೋಗುವ ಕನೆಕ್ಟರ್ ಟ್ಯೂಬಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ದುಂಡು ಮೂತಿ ಇಂಜೆಕ್ಟರಿನ ಪಕ್ಕೆಗೆ ಒತ್ತಿಕೊಳ್ಳುತ್ತದೆ. ಅಲ್ಲಿ ಉಗುರಿಗೆ ತಗುಲುವ ತಗ್ಗು ಬಿದ್ದಿದ್ದರೆ ಟ್ಯೂಬು ಬದಲಿಸಬೇಕು, ಹೊರತುದಿಯ ಓ-ರಿಂಗನ್ನಂತೂ ಪ್ರತಿ ಸಲವೂ ಬದಲಿಸಬೇಕು.

ಕ್ಲ್ಯಾಂಪು, ಬೋಲ್ಟು, ಉಳಿದವು

ಕ್ಲ್ಯಾಂಪು ಬಾಗಿರದಿದ್ದರೆ, ಇಂಜೆಕ್ಟರನ್ನು ಒತ್ತುವ ಎರಡೂ ಕಾಲುಗಳು ಸಮವಾಗಿ ಸವೆದಿದ್ದರೆ, ಅದು ಬಹುಕಾಲ ಬಾಳುತ್ತದೆ. ಬೋಲ್ಟಿನ ವಿಷಯ ಹಾಗಲ್ಲ. ಪುಸ್ತಕದಲ್ಲಿ ಇಷ್ಟು ನ್ಯೂಟನ್-ಮೀಟರ್ ಬಿಗಿದು, ನಂತರ ಇಷ್ಟು ಡಿಗ್ರಿ ತಿರುಗಿಸಿ ಎಂದು ಬರೆದಿದ್ದರೆ ಅದು ಹಿಗ್ಗಿ ಹಿಡಿಯುವ ಬೋಲ್ಟು ಆಗಿರುವುದೇ ಹೆಚ್ಚು. ಒಮ್ಮೆ ಹಿಗ್ಗಿದ್ದನ್ನು ತಿರುಗಿ ಬಳಸಬಾರದೆಂದು ಪುಸ್ತಕ ಹೇಳಿದಲ್ಲಿ ವಾದ ಬೇಡ. ಸಾದಾ ಬೋಲ್ಟಾದರೂ ಹೊಸದರ ಪಕ್ಕದಲ್ಲಿ ಇಟ್ಟು ಉದ್ದವನ್ನೂ ಎಳೆಗಳ ಅಂತರವನ್ನೂ ಹೋಲಿಸಿ. ಬೋಲ್ಟು ಇಳಿಯುವ ತೂತಿನ ತಳ ಮುಚ್ಚಿದ್ದರೆ ಅದರಲ್ಲಿ ನಿಂತ ಆಯಿಲನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಹೀರಿ ತೆಗೆಯಬೇಕು. ಆಯಿಲು ತುಂಬಿದ ತೂತಿಗೆ ಬೋಲ್ಟು ಬಿಗಿದರೆ ಟಾರ್ಕ್ ರೆಂಚು ಸುಳ್ಳು ಹೇಳುತ್ತದೆ, ಹೆಡ್ಡು ಸೀಳುವುದೂ ಉಂಟು.

ವಾಲ್ವ್ ಕವರಿನ ರಬ್ಬರ್ ಪ್ಯಾಕಿಂಗು ಮೆತ್ತಗಿದ್ದು, ಎಲ್ಲಿಯೂ ಸೀಳಿರದಿದ್ದರೆ ಉಳಿಯಬಹುದು. ವೈರಿಂಗಿನ ಸಾಕೆಟ್ಟುಗಳು ಲಾಕು ಮುರಿಯದಿದ್ದರೆ ಉಳಿಯಬಹುದು. ಡೀಸೆಲ್ ಫಿಲ್ಟರನ್ನು ಮಾತ್ರ ಉಳಿಸಬೇಡಿ, ಹೊಸ ಇಂಜೆಕ್ಟರಿಗೆ ಹಳೆಯ ಫಿಲ್ಟರಿನ ಡೀಸೆಲ್ ಕುಡಿಸುವುದು ತರವಲ್ಲ.

ತೆಗೆದ ಇಂಜೆಕ್ಟರುಗಳಲ್ಲಿ ಚೆನ್ನಾಗಿರುವವನ್ನು ತಿರುಗಿ ಹಾಕುವುದಾದರೆ ಅವುಗಳ ಮೂತಿಗೆ ಉಕ್ಕಿನ ಬ್ರಷ್ ತಾಗಿಸಬಾರದು. ಸಿಂಪರಣೆಯ ತೂತುಗಳು ಸೂಜಿಯ ಮೊನೆಗಿಂತ ಕಿರಿದು, ಒಮ್ಮೆ ಗೀರಿದರೆ ಸಿಂಪರಣೆಯ ದಿಕ್ಕೇ ಕೆಡುತ್ತದೆ. ಇಂಜೆಕ್ಟರಿನ ಮೇಲೆ ಬರೆದಿರುವ ಅಕ್ಷರ-ಅಂಕಿಗಳ ಕೋಡು ಅದರ ಜಾತಕವಿದ್ದಂತೆ. ಹೊಸದನ್ನು ಹಾಕಿದರೆ, ಅಥವಾ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ, ಆ ಕೋಡನ್ನು ಸಿಲಿಂಡರಿನ ಸಂಖ್ಯೆಯೊಂದಿಗೆ ಬರೆದಿಟ್ಟುಕೊಂಡು ಸ್ಕ್ಯಾನರಿನಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಎಂಗೆ ಬರೆಸಬೇಕು. ಕೂರಿಸಿದ ಮೇಲೆ ಕೋಡು ಓದಲು ಕನ್ನಡಿ ಹಿಡಿದು ಒದ್ದಾಡುವುದಕ್ಕಿಂತ ಮೊದಲೇ ಫೋಟೋ ತೆಗೆಯುವುದು ಮೇಲು.

ಕೂರಿಸುವುದು

ಹೊಸ ವಾಷರನ್ನು ಇಂಜೆಕ್ಟರಿನ ಮೂತಿಗೆ ಹಾಕಿ, ಓ-ರಿಂಗಿಗೆ ಆಯಿಲ್ ಸವರಿ, ನೆಟ್ಟಗೆ ಇಳಿಸಿ, ಅಂಗೈಯಿಂದ ಒತ್ತಿ ಕೂರಿಸಬೇಕು. ಸುತ್ತಿಗೆ ಬೇಡ. ಕ್ಲ್ಯಾಂಪಿನ ಬೋಲ್ಟನ್ನು ಬೆರಳಿನಿಂದ ತಿರುಗಿಸಿ ಬಿಡಬೇಕು, ಬಿಗಿಯಬಾರದು. ಪೈಪು ಹೊರಗಿರುವ ಎಂಜಿನ್ನಿನಲ್ಲಿ ಪೈಪಿನ ಎರಡೂ ನಟ್ಟುಗಳನ್ನು ಬೆರಳಿನಿಂದಲೇ ಪೂರ್ತಿ ಹತ್ತಿಸಿದರೆ ಇಂಜೆಕ್ಟರು ತಾನಾಗಿ ಪೈಪಿನ ನೇರಕ್ಕೆ ತಿರುಗಿಕೊಳ್ಳುತ್ತದೆ. ಆಮೇಲೆ ಕ್ಲ್ಯಾಂಪನ್ನು ಪೂರ್ತಿ ಟಾರ್ಕಿಗೆ ಬಿಗಿದು, ಕೊನೆಯಲ್ಲಿ ಪೈಪಿನ ನಟ್ಟುಗಳನ್ನು ಬಿಗಿಯಬೇಕು. ಕನೆಕ್ಟರ್ ಟ್ಯೂಬಿನ ಎಂಜಿನ್ನಿನಲ್ಲಿ ಕ್ಲ್ಯಾಂಪಿಗೂ ಟ್ಯೂಬಿನ ನಟ್ಟಿಗೂ ಸರದಿಯಲ್ಲಿ ಹಂತಹಂತವಾಗಿ ಬಿಗಿಯುವ ಕ್ರಮವಿರುತ್ತದೆ, ಅದನ್ನು ಆ ಎಂಜಿನ್ನಿನ ಪುಸ್ತಕ ತೆರೆದಿಟ್ಟುಕೊಂಡೇ ಮಾಡಬೇಕು. ಕೈಯಂದಾಜು ಇಲ್ಲಿ ಸಲ್ಲದು. ಮುಚ್ಚಳಗಳನ್ನು ತೆಗೆಯುವುದು ಪೈಪು ಸೇರಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ.

ಹೊಸ ಫಿಲ್ಟರಿನ ಶುದ್ಧ ಬದಿಗೆ ಕ್ಯಾನಿನಿಂದ ಡೀಸೆಲ್ ಸುರಿಯದೆ, ಕೈಪಂಪು ಒತ್ತಿ ತುಂಬಿಸಬೇಕು. ಏರ್ ತೆಗೆಯುವುದು ಕಡಿಮೆ ಒತ್ತಡದ ಬದಿಯಲ್ಲಿ ಮಾತ್ರ. ಮೈಕೋ ಪಂಪಿನ ಗಾಡಿಯಂತೆ ಇಂಜೆಕ್ಟರಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದು ಕಾಮನ್ ರೈಲಿನಲ್ಲಿ ಜೀವಕ್ಕೆ ಅಪಾಯ. ಸೆಲ್ಫನ್ನು ಒಂದೇ ಸಮನೆ ಒತ್ತದೆ, ನಡುವೆ ಬಿಡುವು ಕೊಡುತ್ತ ಹೊಡೆಯಬೇಕು. ಎಂಜಿನ್ ಹಿಡಿದ ಮೇಲೆ ಪ್ರತಿ ಜೋಡಣೆಯ ಬಳಿ ಉದ್ದನೆಯ ರಟ್ಟಿನ ತುಂಡು ಹಿಡಿದು ತೇವ ಮೂಡುತ್ತದೆಯೇ ನೋಡಬೇಕು. ಸೋರಿಕೆ ಕಂಡರೆ ಎಂಜಿನ್ ಆರಿಸಿ, ಮತ್ತೆ ಹತ್ತು ನಿಮಿಷ ಕಾದು, ಆಮೇಲೆ ಬಿಚ್ಚಿ ಮೂತಿ ನೋಡಬೇಕು.

ವಾಷರ್ ಸರಿಯಾಗಿ ಕೂತಿದೆಯೇ ಎಂಬುದನ್ನು, ಇಂಜೆಕ್ಟರ್ ಹೊರಗೆ ಕಾಣುವ ಎಂಜಿನ್ನಿನಲ್ಲಿ, ಅದರ ಬುಡಕ್ಕೆ ನಾಲ್ಕು ಹನಿ ಆಯಿಲ್ ಬಿಟ್ಟು ತಿಳಿಯಬಹುದು. ಗುಳ್ಳೆ ಏಳುತ್ತಿದ್ದರೆ, ಕಿವಿಗೆ ‘ಚಸ್ ಚಸ್’ ಎಂಬ ಸದ್ದು ಕೇಳುತ್ತಿದ್ದರೆ ಅನಿಲ ಹಾದುಬರುತ್ತಿದೆ. ಇಂದು ಬಿಟ್ಟರೆ ಅದೇ ಜಾಗದಲ್ಲಿ ಡಾಂಬರಿನಂಥ ಮಸಿ ಕಟ್ಟಿ, ಮುಂದಿನ ಸಲ ಇಂಜೆಕ್ಟರನ್ನು ಹೊರಗೆಳೆಯುವುದೇ ಒಂದು ದಿನದ ಕೆಲಸವಾಗುತ್ತದೆ.

ತೆಗೆದ ಹಳೆಯ ವಾಷರುಗಳನ್ನು ಎಣಿಸಿ, ಸುತ್ತಿಗೆಯಿಂದ ಮಡಚಿ, ಗುಜರಿ ಡಬ್ಬಿಗೆ ಹಾಕುತ್ತೇನೆ. ಹಾಗೇ ಬಿಟ್ಟರೆ ಹುಡುಗರಲ್ಲಿ ಯಾರೋ ಒಬ್ಬರು ಅವಸರದ ಸಂಜೆ ಅದನ್ನೇ ಉಜ್ಜಿ ಹೊಳಪು ಮಾಡಿ ಇನ್ನೊಂದು ಗಾಡಿಗೆ ಹಾಕುತ್ತಾರೆ. ಗಾಡಿಯನ್ನು ಒಪ್ಪಿಸುವಾಗ ಡ್ರೈವರಿಗೆ ಆಯಿಲಿನ ಕಡ್ಡಿಯ ಮಟ್ಟವನ್ನು ತೋರಿಸಿ, ಮುಂದಿನ ಒಂದು ವಾರ ಪ್ರತಿ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲು ಸಮತಟ್ಟಾದ ಜಾಗದಲ್ಲಿ ಕಡ್ಡಿ ಎಳೆದು ನೋಡಲು ಹೇಳಬೇಕು. ಮಟ್ಟ ಇಳಿದರೆ ಆಯಿಲು ತಿನ್ನುತ್ತಿದೆ ಎಂದರ್ಥ, ಅದರ ವಿಚಾರ ಬೇರೆ. ಮಟ್ಟ ಏರಿದರೆ, ಕಡ್ಡಿಗೆ ಡೀಸೆಲಿನ ವಾಸನೆ ಬಂದರೆ, ಗಾಡಿಯನ್ನು ಲೋಡಿಗೆ ಕಳಿಸದೆ ಅಲ್ಲೇ ನಿಲ್ಲಿಸಿ ಫೋನ್ ಮಾಡಬೇಕು.